ಬಕಲ್ಲಿನ ಬೆನ್ನು

ನಮ್ಮ ದೊಡ್ಡಪ್ಪ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದವರು. ಎರಡನೆಯ ಮಹಾಯುದ್ಧ ಮುಗಿಸಿ ಊರಿಗೆ ಬಂದಾಗ ಅವರ ಕಬ್ಬಿಣದ ಟ್ರಂಕಿನಲ್ಲಿ ಒಂದು ಜರ್ಮನ್ ಬಕಲ್ ಇತ್ತು. ಸೈನಿಕರು ಸೊಂಟಕ್ಕೆ ಕಟ್ಟುವ ಬೆಲ್ಟಿನದು. ಮಕ್ಕಳು ಕಾಡಿದಾಗ ಅದನ್ನು ಹೊರಗೆ ತೆಗೆದು ಒಂದೇ ಕಥೆ ಹೇಳುತ್ತಿದ್ದರು: 1941ರ ಡಿಸೆಂಬರ್, ಟೋಬ್ರುಕ್ ಹತ್ತಿರದ ಮರುಭೂಮಿ, ಸೆರೆಸಿಕ್ಕ ಜರ್ಮನಿಯವನೊಬ್ಬ ಒಂದು ಪ್ಯಾಕು ಸಿಗರೇಟಿಗೆ ಇದನ್ನು ಬಿಚ್ಚಿಕೊಟ್ಟ. ಕಥೆ ಮುಗಿಯುವಾಗ ದೊಡ್ಡಪ್ಪ ತಪ್ಪದೆ ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಅವರು ತೀರಿಕೊಂಡ ಮೇಲೆ ಟ್ರಂಕು ನನ್ನ ಪಾಲಿಗೆ ಬಂತು. ಬಕಲ್ಲಿನ ಮುಖ ನನಗೆ ಪರಿಚಿತವೇ. ನಡುವೆ ಹದ್ದು, ಅದರ ಕಾಲ ಕೆಳಗೆ ಸ್ವಸ್ತಿಕ, ಸುತ್ತ 'ಗಾಟ್ ಮಿಟ್ ಉನ್ಸ್', ಅಂದರೆ 'ದೇವರು ನಮ್ಮೊಂದಿಗಿದ್ದಾನೆ' ಎಂಬ ಬರಹ. ಹಿಟ್ಲರನಿಗಿಂತ ಬಹಳ ಹಳೆಯ ಮಾತಿದು. 1847ರಿಂದಲೇ ಪ್ರಷ್ಯದ ಕಾಲಾಳುಗಳ ಬಕಲ್ಲಿನ ಮೇಲಿತ್ತು. ಆಗ ನಡುವೆ ಇದ್ದದ್ದು ಕಿರೀಟ. ಅರಸೊತ್ತಿಗೆ ಹೋಗಿ ಗಣರಾಜ್ಯ ಬಂತು, ಅದೂ ಹೋಗಿ 1936ರಲ್ಲಿ ಸ್ವಸ್ತಿಕದ ಹದ್ದು ಬಂದು ಕೂತಿತು. ಚಿಹ್ನೆ ಬದಲಾಯಿತು, ದೇವರ ಮೇಲಿನ ಹಕ್ಕನ್ನು ಮಾತ್ರ ಯಾರೂ ಬಿಟ್ಟುಕೊಡಲಿಲ್ಲ.

ಒಂದು ಮಧ್ಯಾಹ್ನ ಬೇರೆ ಕೆಲಸವಿಲ್ಲದೆ ಬಕಲ್ಲನ್ನು ಮಗುಚಿದೆ. ತುಕ್ಕನ್ನು ಬಟ್ಟೆಯಿಂದ ಒರೆಸಿ ಭೂತಗನ್ನಡಿ ಹಿಡಿದಾಗ ಸಣ್ಣ ಅಕ್ಷರಗಳು ಕಂಡವು: 'ಬಿ ಅಂಡ್ ಎನ್', ಪಕ್ಕದಲ್ಲಿ 42, ಆಮೇಲೆ 'ಎಲ್'. ಸೈನಿಕನ ಹೆಸರಿನ ಮೊದಲಕ್ಷರಗಳಿರಬೇಕು ಎಂದು ಪುಳಕಗೊಂಡೆ. ಆ ಪುಳಕದಲ್ಲೇ ಪುಸ್ತಕಗಳನ್ನು ಹುಡುಕತೊಡಗಿದೆ.

ಹೆಸರು ಹೌದು, ಸೈನಿಕನದಲ್ಲ. ಬರ್ಗ್ ಅಂಡ್ ನೋಲ್ಟೆ ಎಂಬ ಕಂಪನಿಯದು. 'ಎಲ್' ಎಂದರೆ ಲೂಡೆನ್‌ಷೈಡ್. ವೆಸ್ಟ್‌ಫಾಲಿಯಾದ ಗುಡ್ಡಗಾಡಿನ ಈ ಊರು ಗುಂಡಿಗಳಿಗೆ ಹೆಸರಾದದ್ದು. ಅಂಗಿಗೆ ಗುಂಡಿ ಒತ್ತುವ ಅಚ್ಚು, ಯಂತ್ರ, ಕೈಚಳಕ ಇದ್ದವರಿಗೆ ಬಕಲ್ ಒತ್ತುವುದು ಕಷ್ಟವೇ? ಓವರ್‌ಹಾಫ್, ಅಸ್ಮಾನ್, ಝೀಪರ್ ಮುಂತಾದ ಬಕಲ್ ತಯಾರಕರೆಲ್ಲ ಇದೇ ಊರಿನವರು.

ಈ ಮುದ್ರೆಗಳನ್ನು ಓದುವಾಗ ಹೊಸಬರು ಎಡವುವ ಜಾಗಗಳಿವೆ, ನಾನೂ ಎಡವಿದ್ದೇನೆ. ಚಿತ್ರಗಳಲ್ಲಿ ಎಷ್ಟೋ ಬಕಲ್‌ಗಳ ಬೆನ್ನಿನಲ್ಲಿ 'ಗೆಸ್. ಗೆಶ್.' ಎಂದಿರುವುದನ್ನು ಕಂಡು ಅದೊಂದು ದೊಡ್ಡ ಕಂಪನಿಯೆಂದೇ ನಂಬಿದ್ದೆ. ಅದರ ಅರ್ಥ 'ಕಾನೂನಿನ ರಕ್ಷಣೆಯುಳ್ಳದ್ದು' ಎಂದಷ್ಟೆ. 'ಆರ್.ಜೆಡ್.ಎಂ.' ಎಂದಿದ್ದರೆ ಅದು ನಾಜಿ ಪಕ್ಷದ ಸರಕು ಸರಬರಾಜು ಕಚೇರಿಯ ಗುರುತು. ಜೊತೆಗಿರುವ 'ಎಂ 4' ಬಕಲ್ ತಯಾರಿಸುವವರ ಗುಂಪಿನ ಸಂಖ್ಯೆ, ಅದರ ಮುಂದಿನ ಅಂಕಿ ಕಾರ್ಖಾನೆಯದು. ಸೈನ್ಯದ ಬಕಲ್‌ಗಳಲ್ಲಿ ಮುದ್ರೆ ಕೆಲವೊಮ್ಮೆ ಲೋಹದ ಮೇಲೆ, ಕೆಲವೊಮ್ಮೆ ಬಕಲ್ಲಿಗೆ ಹೊಲಿದ ತೊಗಲ ಪಟ್ಟಿಯ ಮೇಲೆ ಇರುತ್ತದೆ. ಮೊದಲಿನವು ಅಲ್ಯೂಮಿನಿಯಂ. ಯುದ್ಧ ಬೆಳೆದಂತೆ ಅಲ್ಯೂಮಿನಿಯಂ ವಿಮಾನಗಳಿಗೆ ಬೇಕಾಯಿತು, ಸೈನಿಕನ ಸೊಂಟಕ್ಕೆ ಬಣ್ಣ ಬಳಿದ ಉಕ್ಕು ಬಂತು. ನಕಲಿ ಮಾಲು ಮಾರುವವರಿಗೆ ಮುದ್ರೆ ಒತ್ತುವುದು ಸುಲಭ. ಹಾಗಾಗಿ ಮುದ್ರೆ, ಲೋಹ, ವರ್ಷ ಮೂರೂ ಒಂದಕ್ಕೊಂದು ಒಪ್ಪಬೇಕು. ಜಾತಕ ಕೂಡಿಸಿ ನೋಡಿದಂತೆ.

ನನ್ನ ಬಕಲ್ಲಿನಲ್ಲಿ ಮೂರೂ ಒಪ್ಪಿದವು. ಒಪ್ಪದೆ ಹೋದದ್ದು ದೊಡ್ಡಪ್ಪನ ಕಥೆ. 42 ಎಂದರೆ 1942. ಲೂಡೆನ್‌ಷೈಡಿನಲ್ಲಿ ಇನ್ನೂ ತಯಾರಾಗದ ಬಕಲ್ಲನ್ನು ಟೋಬ್ರುಕ್‌ನಲ್ಲಿ ಬಿಚ್ಚಿಕೊಡುವುದು ಹೇಗೆ?

ದೊಡ್ಡಪ್ಪ ಸುಳ್ಳುಗಾರರಲ್ಲ. ದೊಡ್ಡಮ್ಮ ಆಗ ಇನ್ನೂ ಇದ್ದರು, ಹೋಗಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಆಫ್ರಿಕಾ ಆದಮೇಲೆ ಇಟಲಿಗೂ ಹೋಗಿದ್ರು ಕಣಪ್ಪ. ಆ ಊರಿನ ಹೆಸರು ಯಾರಾದರೂ ಎತ್ತಿದ್ರೆ ಎದ್ದು ಹೊರಗೆ ಹೋಗೋರು."

1944ರ ಫೆಬ್ರವರಿ, ಮಾರ್ಚ್‌ಗಳಲ್ಲಿ 4ನೆಯ ಭಾರತೀಯ ಡಿವಿಷನ್ ಕ್ಯಾಸಿನೊ ಬೆಟ್ಟದ ಮೇಲೆ ಕಾದಿತು. ಅದರ ಸ್ಯಾಪರುಗಳು ಶತ್ರುವಿನ ಗುಂಡಿನಡಿ ಹೇಸರಗತ್ತೆಯ ಜಾಡನ್ನು ಟ್ಯಾಂಕು ಹತ್ತುವ ದಾರಿಯಾಗಿ ಕಡಿದರು. ಅಲ್ಲಿ ಸತ್ತವರು, ಎರಡೂ ಕಡೆಯವರು, ಲೆಕ್ಕಕ್ಕೆ ಸಿಗದಷ್ಟು. ಬಕಲ್ ಕೈಗೆ ಬಂದದ್ದು ಅಲ್ಲಿಯೇ ಇರಬೇಕು. ಸಿಗರೇಟು ಪಡೆದು ನಕ್ಕವನ ಸೊಂಟದಿಂದ ಅದು ಬಂದಿರಲಾರದು. ಮಕ್ಕಳಿಗೆ ಹೇಳಬಹುದಾದ ಕಥೆಯೊಂದನ್ನು ದೊಡ್ಡಪ್ಪ ಅದಕ್ಕೆ ತೊಡಿಸಿದ್ದರು, ಅಷ್ಟೆ.

ನಮ್ಮ ಮನೆಗಳ ಹಿತ್ತಾಳೆ ಚೊಂಬು, ಕೊಳಗಗಳ ಮೇಲೆ ಕೊಟ್ಟವರ ಹೆಸರೋ ಮನೆಯವರ ಹೆಸರೋ ಇರುತ್ತದೆ. ಬಡಿದು ಮಾಡಿದ ಕಂಚುಗಾರನ ಹೆಸರು ಇರುವುದಿಲ್ಲ. ಬಕಲ್ಲಿನದು ಇದರ ತಿರುವುಮುರುವು. ಮುಖದಲ್ಲಿ ದೇವರು, ಬೆನ್ನಿನಲ್ಲಿ ಕಾರ್ಖಾನೆ. ಕಟ್ಟಿಕೊಂಡವನ ಹೆಸರು ಎಲ್ಲೂ ಇಲ್ಲ.

ಈಗ ಮೊಮ್ಮಗ ಬಕಲ್ ಕೈಗೆತ್ತಿಕೊಂಡು ಕಥೆ ಕೇಳುತ್ತಾನೆ. ನಾನು ಟೋಬ್ರುಕ್ ಕಥೆಯನ್ನೇ ಹೇಳುತ್ತೇನೆ, ನಗುವ ಜಾಗದಲ್ಲಿ ನಗುತ್ತೇನೆ. ಅವನು ಅದನ್ನು ಮಗುಚಿ ನೋಡುವ ವಯಸ್ಸು ಬರಲಿ.