ದಾರಿಬದಿಯ ಸರಾಯ್

ಉರ್ದುವಿನಲ್ಲಿ ಸರಾಯ್ ಎಂದರೆ ದಾರಿಹೋಕರು ತಂಗುವ ಛತ್ರ. ಕನ್ನಡ ಶಾಲೆಗೆ ಸೇರಿದ ಹೊಸತರಲ್ಲಿ ‘ಸಾರಾಯಿ’ ಎಂಬ ಮಾತು ಕೇಳಿ ಅದೂ ಇದೇ ಎಂದುಕೊಂಡಿದ್ದೆ. ಇಡೀ ತರಗತಿ ನಕ್ಕಿತ್ತು. ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ಸಡ್‌ಬರಿಯಲ್ಲಿರುವ ‘ವೇಸೈಡ್ ಇನ್’ ಬಗ್ಗೆ ಓದುವಾಗ ಆ ತಪ್ಪು ನೆನಪಾಯಿತು. ಅಲ್ಲಿ ಎರಡೂ ಒಂದೇ ಸೂರಿನಡಿ ಇದ್ದವು.

ಬಾಸ್ಟನ್ನಿನ ಹಳೆಯ ಅಂಚೆ ರಸ್ತೆಯ ಬದಿಯಲ್ಲಿದ್ದ ತನ್ನ ಮನೆಯನ್ನು ಛತ್ರ ಮಾಡಲು ಡೇವಿಡ್ ಹೌ 1716ರಲ್ಲಿ ಪರವಾನಗಿ ಪಡೆದ. ನಾಲ್ಕು ತಲೆಮಾರು ಆ ಮನೆತನದವರೇ ಅದನ್ನು ನಡೆಸಿದರು. ಅಂದಿನ ಟ್ಯಾವರ್ನ್ ಬರೀ ಹೆಂಡದಂಗಡಿಯಲ್ಲ. ಕುದುರೆಗೆ ಮೇವು, ಮನುಷ್ಯನಿಗೆ ಊಟ, ಊರಿಗೆ ಸುದ್ದಿ ಎಲ್ಲವೂ ಅಲ್ಲೇ ಸಿಗುತ್ತಿತ್ತು. ಕುಡಿಯುವವರು ಕುಡಿಯುತ್ತಲೂ ಇದ್ದರು, ಅದನ್ನೇಕೆ ಮುಚ್ಚಿಡಬೇಕು? 1861ರಲ್ಲಿ ಕೊನೆಯ ಒಡೆಯ ಲೈಮನ್ ಹೌ ತೀರಿಕೊಂಡ ಮೇಲೆ ವ್ಯವಹಾರ ನಿಂತುಹೋಯಿತು.

ಮರುವರ್ಷ ಕವಿ ಲಾಂಗ್‌ಫೆಲೋ ಅಲ್ಲಿಗೆ ಬಂದರು. ಬಟ್ಟೆಗೆ ಬೆಂಕಿ ತಗುಲಿ ಅವರ ಹೆಂಡತಿ ಸತ್ತು ಒಂದು ವರ್ಷವಾಗಿತ್ತಷ್ಟೆ. ದೇಶದಲ್ಲಿ ಅಂತರ್ಯುದ್ಧ ನಡೆದಿತ್ತು. ಆ ಮನೆಯ ಅಗ್ಗಿಷ್ಟಿಕೆಯ ಸುತ್ತ ಏಳು ಜನರನ್ನು ಕೂರಿಸಿ ಅವರು ಕಥೆ ಹೇಳಿಸಿದರು. ‘ಟೇಲ್ಸ್ ಆಫ್ ಎ ವೇಸೈಡ್ ಇನ್’ 1863ರಲ್ಲಿ ಹೊರಬಂತು. ಪರಿಚಿತರನ್ನೇ ನೆನೆದು ಪಾತ್ರ ಕಟ್ಟಿದ್ದರೂ ಅವರೆಲ್ಲ ಒಟ್ಟಿಗೆ ಅಲ್ಲಿ ಕುಳಿತದ್ದೇ ಇಲ್ಲ. ಛತ್ರದ ಒಡೆಯ, ವಿದ್ಯಾರ್ಥಿ, ಸಿಸಿಲಿಯವ, ಸಂಗೀತಗಾರ, ಧರ್ಮಶಾಸ್ತ್ರಿ, ಕವಿ, ಜೊತೆಗೆ ಸ್ಪೇನಿನ ಒಬ್ಬ ಯಹೂದಿ.

1873ರ ಮೂರನೆಯ ಭಾಗದಲ್ಲಿ ಆ ಯಹೂದಿ ಹೇಳುವ ಕಥೆಗೆ ಬಂದಾಗ ಪುಸ್ತಕ ಮಡಚಿ ಸುಮ್ಮನೆ ಕುಳಿತೆ. ಅದು ನಮ್ಮ ನಾನಿಯ ಕಥೆ! ಸುಲೈಮಾನರ (ಅ) ಬಳಿ ಇದ್ದವನೊಬ್ಬನನ್ನು ಮಲಕುಲ್ ಮೌತ್ ದಿಟ್ಟಿಸಿ ನೋಡುತ್ತಾನೆ. ಹೆದರಿದವನು, ‘ನನ್ನನ್ನು ಹಿಂದುಸ್ತಾನಕ್ಕೆ ಕಳಿಸಿಬಿಡಿ’ ಎಂದು ಬೇಡುತ್ತಾನೆ. ಗಾಳಿ ಅವನನ್ನು ಹೊತ್ತೊಯ್ಯುತ್ತದೆ. ಆಮೇಲೆ ಮಲಕುಲ್ ಮೌತ್ ಹೇಳುತ್ತಾನೆ: ‘ಅವನನ್ನು ಹುಡುಕಿಕೊಂಡು ನಾನು ಹೊರಟಿದ್ದೇ ಹಿಂದುಸ್ತಾನಕ್ಕೆ.’ ರೂಮಿಯ ಮಸ್ನವಿಯಲ್ಲೂ ಇದೇ ಕಥೆ ಇದೆ. ಯಹೂದಿಗಳ ತಾಲ್ಮುದ್‌ನಲ್ಲಿ ಇದಕ್ಕೂ ಹಳೆಯ ರೂಪವಿದೆ. ನಾನಿಗೆ ಇಂಗ್ಲಿಷ್ ಒತ್ತಟ್ಟಿಗಿರಲಿ, ಕನ್ನಡ ಅಕ್ಷರವೂ ಬರುತ್ತಿರಲಿಲ್ಲ.

1923ರಲ್ಲಿ ಈ ಛತ್ರವನ್ನು ಕೊಂಡವನು ಕಾರು ತಯಾರಕ ಹೆನ್ರಿ ಫೋರ್ಡ್. ಹಳೆಯ ಅಮೆರಿಕವನ್ನು ಉಳಿಸುವ ಹಂಬಲ ಅವನದು. 1929ರಲ್ಲಿ ಪಕ್ಕದಲ್ಲೇ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿಯನ್ನೂ ಕಟ್ಟಿಸಿದ. ಇದೇ ಫೋರ್ಡ್ 1920ರಿಂದ ತನ್ನ ಪತ್ರಿಕೆಯಲ್ಲಿ ಯಹೂದಿಗಳ ವಿರುದ್ಧ ವಿಷ ಕಾರಿಸಿದವನು. 1927ರಲ್ಲಿ ಕ್ಷಮೆ ಕೇಳಿದನೆನ್ನಿ. ಅವನು ಪ್ರೀತಿಯಿಂದ ಕಾಪಾಡಿದ ಅದೇ ಅಗ್ಗಿಷ್ಟಿಕೆಯ ಮುಂದೆ, ಲಾಂಗ್‌ಫೆಲೋ ಆ ಯಹೂದಿಗೆ ಮರ್ಯಾದೆಯ ಕುರ್ಚಿ ಹಾಕಿಕೊಟ್ಟಿದ್ದರು.

1955ರ ಡಿಸೆಂಬರಿನಲ್ಲಿ ಕಟ್ಟಡಕ್ಕೆ ಬೆಂಕಿ ಬಿತ್ತು. ದುರಸ್ತಿಯಾಗಿ 1958ರಲ್ಲಿ ಮತ್ತೆ ತೆರೆಯಿತು. ಹಳೆಯ ಬಾರ್ ಕೋಣೆಯಲ್ಲಿ ಊಟಕ್ಕೆ ಕೂರುವವರಿಗೆ ಲಾಂಗ್‌ಫೆಲೋ ಹೆಸರು ಗೊತ್ತು, ಫೋರ್ಡ್ ಹೆಸರಂತೂ ಗೊತ್ತೇ ಇದೆ. ಆ ಯಹೂದಿ ಕುಳಿತದ್ದೆಲ್ಲಿ ಎಂದು ಕೇಳುವವರೂ ಇದ್ದಾರೋ ಏನೋ.