ಭೀಮೇಶ್ವರಿಯಲ್ಲಿ ಕಯಾಕಿಂಗ್: ನೀರಿಗಿಳಿಯೋ ಮುಂಚೆ ಕೆಆರ್‌ಎಸ್, ಕಬಿನಿ ಹೊರಹರಿವು ನೋಡಿ

ಮಳವಳ್ಳಿ: ವೀಕೆಂಡ್ ಬಂತೆಂದರೆ ಹಲಗೂರು ದಾಟಿ ಮುತ್ತತ್ತಿ, ಭೀಮೇಶ್ವರಿ ಕಡೆ ಹೋಗುವ ಗಾಡಿಗಳು ಹೆಚ್ಚುತ್ತವೆ. ಬಹಳ ಜನಕ್ಕೆ ನೀರಿಗಿಳಿಯೋ ಆಸೆ. ಟೀ ಅಂಗಡಿಯಲ್ಲಿ ನಿಂತು ‘ಎಲ್ಲಿ ಇಳಿಬಹುದು?’ ಅಂತ ಕೇಳುವವರಿಗೆ ಸರಿಯಾದ ಉತ್ತರ ಹೇಳೋಕೆ ನದಿಯ ಲೆಕ್ಕಾಚಾರ ಗೊತ್ತಿರಬೇಕು.

ಕಯಾಕ್ ಅಂದ್ರೇನು?

ನಮ್ಮ ಹರಿಗೋಲು ದುಂಡಗೆ, ಅಗಲವಾಗಿರುತ್ತೆ. ಕಯಾಕ್ ಉದ್ದ, ಕಿರಿದು. ಒಬ್ಬರು ಇಲ್ಲವೇ ಇಬ್ಬರು ಕಾಲು ಚಾಚಿ ಕೂತು, ಎರಡೂ ತುದಿಗೆ ಅಲಗು ಇರುವ ಹುಟ್ಟಿನಿಂದ ನಡೆಸುತ್ತಾರೆ. ಭೀಮೇಶ್ವರಿಯ ಜಂಗಲ್ ಲಾಡ್ಜಸ್ ಕ್ಯಾಂಪ್‌ನಲ್ಲಿ ಪ್ರವಾಸಿಗರಿಗೆ ಸಿಗೋದು ಶಾಂತ ನೀರಿನ ಕಯಾಕಿಂಗ್. ಬಂಡೆಗಳ ನಡುವೆ ನೊರೆ ಎದ್ದು ಧುಮ್ಮಿಕ್ಕುವ ನೀರಿನಲ್ಲಿ ನಡೆಸೋದೇ ಬೇರೆ, ಅದನ್ನು ವೈಟ್ ವಾಟರ್ ಕಯಾಕಿಂಗ್ ಅಂತಾರೆ.

ರಾಜ್ಯದಲ್ಲಿ ನೊರೆ ನೀರಿನ ಆಟಕ್ಕೆ ಹೆಸರಾಗಿರೋದು ದಾಂಡೇಲಿ ಹತ್ತಿರದ ಗಣೇಶಗುಡಿಯ ಕಾಳಿ ನದಿ ಮತ್ತು ಮಳೆಗಾಲದಲ್ಲಿ ಕೊಡಗಿನ ಬರಪೊಳೆ. ಪಕ್ಕದ ಕೇರಳದ ಕೋಯಿಕ್ಕೋಡ್ ಜಿಲ್ಲೆಯಲ್ಲಿ 2013ರಿಂದ ಮಲಬಾರ್ ರಿವರ್ ಫೆಸ್ಟಿವಲ್ ಶುರುವಾಗಿದ್ದು, ಹೊರದೇಶದ ಕಯಾಕರ್‌ಗಳೂ ಬರುತ್ತಾರೆ. ಗಣೇಶಗುಡಿಯಲ್ಲಿ ಆಟ ನಡೆಯೋದು ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ. ಕ್ಲಬ್‌ನವರು ಎರಡು ದಿನಕ್ಕೆ ಹೋದರೂ ಮೊದಲು ಕೇಳೋದು ‘ಎಷ್ಟು ನೀರು ಬಿಟ್ಟಿದ್ದಾರೆ?’ ಅಂತಲೇ.

ಹೊರಹರಿವಿನ ಲೆಕ್ಕ

ಇದೇ ಪ್ರಶ್ನೆ ಮಂಡ್ಯದವರಿಗೆ ಹೊಸದಲ್ಲ. ನಾಲೆ ನೀರಿಗಾಗಿ ರೈತರು ದಿನಾ ನೋಡುವ ಕೆಆರ್‌ಎಸ್ ಒಳಹರಿವು, ಹೊರಹರಿವಿನ ಅಂಕಿಯೇ ಇಲ್ಲಿ ಜೀವ ಉಳಿಸುತ್ತೆ. 1 ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. 2024ರ ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ 1 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಬಿಡಲಾಗಿತ್ತು. ಅಂದ್ರೆ ಸೆಕೆಂಡಿಗೆ 28 ಲಕ್ಷ ಲೀಟರ್!

ಆದ್ರೆ ಕೆಆರ್‌ಎಸ್ ಒಂದನ್ನೇ ನೋಡಿದ್ರೆ ಸಾಲದು. ಟಿ.ನರಸೀಪುರದಲ್ಲಿ ಕಬಿನಿ ಬಂದು ಕೂಡುತ್ತೆ. ಮದ್ದೂರು ಮೇಲೆ ಹರಿದು ಬರುವ ಶಿಂಷಾ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ಸೇರುತ್ತೆ. 1902ರಲ್ಲಿ ಶುರುವಾದ ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ತಿರುಗಿಸಿದ ನೀರೂ ಕೆಳಗೆ ಮತ್ತೆ ನದಿಗೇ ಬರುತ್ತೆ. ಹಾಗಾಗಿ ಮುತ್ತತ್ತಿಯಲ್ಲಿ ಮಳೆ ಇಲ್ಲ, ಬಿಸಿಲಿದೆ ಅಂದ ಮಾತ್ರಕ್ಕೆ ನೀರು ಏರಲ್ಲ ಅಂತ ನಂಬೋ ಹಾಗಿಲ್ಲ. ಮೇಲೆ ಬಿಟ್ಟ ನೀರು ಗಂಟೆಗಳ ನಂತರ ಇಲ್ಲಿಗೆ ತಲುಪುತ್ತೆ. ಬೆಳಗ್ಗೆ ನಡೆದುಕೊಂಡು ಹೋದ ಬಂಡೆಯಿಂದ ಮಧ್ಯಾಹ್ನ ವಾಪಸ್ ಬರೋಕಾಗದೇ ಇರಬಹುದು.

ಆರು ದರ್ಜೆ

ನೊರೆ ನೀರನ್ನು ಜಗತ್ತಿನಾದ್ಯಂತ 1ರಿಂದ 6ರವರೆಗೆ ದರ್ಜೆ ಮಾಡುತ್ತಾರೆ. 1 ಅಂದ್ರೆ ಸಣ್ಣ ಅಲೆ. 2ರಲ್ಲಿ ದಾರಿ ಸ್ಪಷ್ಟ, ಹೊಸಬರು ತರಬೇತುದಾರರ ಜೊತೆ ಇಳಿಯಬಹುದು. 3ರಿಂದ ದೋಣಿ ತಿರುಗಿಸೋ ಕೈಚಳಕ ಬೇಕು. 4, 5 ಪಳಗಿದವರಿಗೆ ಮಾತ್ರ. 6 ಪ್ರಾಣದ ಮೇಲಿನ ಆಟ. ಒಂದೇ ಜಾಗದ ದರ್ಜೆ ನೀರು ಏರಿದಂತೆ ಬದಲಾಗುತ್ತೆ ಅನ್ನೋದು ನೆನಪಿರಲಿ.

ಕ್ಲಬ್‌ನವರು ಮೊದಲ ದಿನ ಕಲಿಸೋದು ವೇಗವಾಗಿ ಹೋಗೋದನ್ನಲ್ಲ. ದೋಣಿ ಮಗುಚಿದಾಗ ಹೊರಬರೋದು, ಹಗ್ಗ ಎಸೆಯೋದು, ಬಂಡೆ ಹಿಂದಿನ ನಿಧಾನ ನೀರಲ್ಲಿ ದೋಣಿ ನಿಲ್ಲಿಸೋದು ಇವೇ ಮೊದಲ ಪಾಠ. ಒಬ್ಬರೇ ಇಳಿಯೋದಿಲ್ಲ. ಲೈಫ್ ಜಾಕೆಟ್, ಹೆಲ್ಮೆಟ್ ಇಲ್ಲದೆ ಯಾರೂ ಇಳಿಯೋ ಹಾಗಿಲ್ಲ.

ಎಲ್ಲಿ ಅಪಾಯ?

* ಒಡ್ಡು: ನೋಡೋಕೆ ಚಿಕ್ಕದು. ಆದ್ರೆ ಮೇಲಿಂದ ಬಿದ್ದ ನೀರು ಬುಡದಲ್ಲಿ ಹಿಂದಕ್ಕೆ ಸುತ್ತುತ್ತೆ, ಸಿಕ್ಕವರನ್ನು ಮತ್ತೆ ಮತ್ತೆ ಒಳಗೆಳೆಯುತ್ತೆ. ಈಜು ಬಲ್ಲವರೂ ಹೊರಬರೋದು ಕಷ್ಟ.
* ಬಂಡೆ ಸಂದು: ಓಡೋ ನೀರಲ್ಲಿ ಎದ್ದು ನಿಲ್ಲೋಕೆ ಹೋದ್ರೆ ಕಾಲು ಸಂದಿಗೆ ಸಿಕ್ಕಿ ನೀರು ಮುಳುಗಿಸುತ್ತೆ. ಬೆನ್ನ ಮೇಲೆ ಮಲಗಿ, ಕಾಲು ಮುಂದೆ ಮಾಡಿ ತೇಲುತ್ತಾ ದಡಕ್ಕೆ ಸರಿಯಬೇಕು.
* ಮಡು: ಮೇಲೆ ನೀರು ನಿಂತಂತೆ ಕಾಣುತ್ತೆ, ಒಂದು ಹೆಜ್ಜೆ ಮುಂದಕ್ಕೆ ಆಳ ಇರುತ್ತೆ. ಶಿಂಷಾದಲ್ಲಿ ಮರಳು ತೆಗೆದ ಗುಂಡಿಗಳೂ ಹೀಗೇ.
* ಮೊಸಳೆ: ಈ ಭಾಗದ ಕಾವೇರಿಯಲ್ಲಿ ಮೊಸಳೆಗಳಿವೆ.

ಯಾರಾದ್ರೂ ಮುಳುಗ್ತಿದ್ರೆ

ಕೂಡಲೇ ಹಾರಬೇಡಿ. ಕಾಪಾಡೋಕೆ ಹೋದವರೂ ಸಾಯೋದು ಹೀಗೇ. ದಡದಿಂದಲೇ ಹಗ್ಗ, ಉದ್ದನೆ ಕೋಲು, ಪಂಚೆ, ಇಲ್ಲವೇ ಮುಚ್ಚಳ ಹಾಕಿದ ಖಾಲಿ ಕ್ಯಾನ್ ಎಸೆಯಿರಿ. 112ಕ್ಕೆ ಕರೆ ಮಾಡಿ. ಹೊರತೆಗೆದವರಿಗೆ ಉಸಿರಿಲ್ಲದಿದ್ರೆ ಹೊಟ್ಟೆ ಒತ್ತಿ ನೀರು ತೆಗೆಯೋಕೆ ಹೋಗಬೇಡಿ. ಗೊತ್ತಿದ್ದವರು ಬಾಯಿಂದ ಉಸಿರು ಕೊಟ್ಟು, ಎದೆ ಮಧ್ಯೆ ಒತ್ತಬೇಕು.

ಅಂಗಡಿಯವರು ಏನು ಹೇಳಬಹುದು?

ಮುತ್ತತ್ತಿ, ಭೀಮೇಶ್ವರಿ ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿವೆ. ಸ್ವಂತ ದೋಣಿ ತಂದವರು ಅರಣ್ಯ ಇಲಾಖೆಯನ್ನು ಕೇಳದೆ ಇಳಿಯೋ ಹಾಗಿಲ್ಲ. ಕಲಿಯೋ ಆಸೆ ಇರೋ ತಾಲ್ಲೂಕಿನ ಹುಡುಗರು, ಹುಡುಗಿಯರು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಲ್ಲಿ ತರಬೇತಿ ವಿಚಾರಿಸಬಹುದು.

ಹಲಗೂರಿನಿಂದ ಮುತ್ತತ್ತಿವರೆಗಿನ ಹೋಟೆಲ್, ಅಂಗಡಿಯವರು ಆ ದಿನದ ಕೆಆರ್‌ಎಸ್, ಕಬಿನಿ ಹೊರಹರಿವನ್ನು ಒಂದು ಬೋರ್ಡ್ ಮೇಲೆ ಬರೆದಿಟ್ಟು, ಒಂದು ಹಗ್ಗ ಇಟ್ಟುಕೊಂಡರೆ ಖರ್ಚು ಹೆಚ್ಚೇನೂ ಆಗಲ್ಲ. ಬಂದವರು ಸುರಕ್ಷಿತವಾಗಿ ವಾಪಸ್ ಹೋದ್ರೆ ತಾನೇ ಮುಂದಿನ ವಾರವೂ ಬರೋದು.