ಖಾಲಿ ರಸ್ತೆಯ ಹಳೆಯ ಗದ್ದಲ

ಕಳೆದ ಡಿಸೆಂಬರಿನ ಒಂದು ಭಾನುವಾರ ಮೇಲುಕೋಟೆಯ ಹೋಟೆಲೊಂದರ ಮುಂದೆ ಆರೇಳು ಸೈಕಲ್ಲುಗಳು ಗೋಡೆಗೆ ಒರಗಿದ್ದವು. ಒಂದೊಂದೂ ನಮ್ಮೂರ ಕಡೆ ಸೀಮೆಹಸು ಕೊಳ್ಳುವಷ್ಟು ಬೆಲೆಯದು. ಬೆಳಗಿನ ಜಾವ ಮೈಸೂರಿನಿಂದ ಹೊರಟು ಬಂದವರು ಪುಳಿಯೋಗರೆ ತಿನ್ನುತ್ತಿದ್ದರು. ನಾನು ಶೀಳನೆರೆ ಕಡೆಯಿಂದ ತುಳಿದುಕೊಂಡು ಬಂದೆ ಎಂದು ತಿಳಿದಾಗ ಅವರಲ್ಲೊಬ್ಬರು, ‘ಆ ಕಡೆ ಟ್ರಾಫಿಕ್ ಇಲ್ಲ ಅಲ್ವಾ ಮೇಡಂ?’ ಎಂದು ಕೇಳಿದರು. ಇಲ್ಲ ಎಂದೆ. ‘ಎಷ್ಟು ಶಾಂತವಾಗಿದೆ ನೋಡಿ ಈ ಬೆಟ್ಟ. ನೂರಾರು ವರ್ಷದಿಂದ ಹೀಗೇ ಇದ್ದಿರಬೇಕು’ ಎಂದರು. ನಾನು ಸುಮ್ಮನೆ ನಕ್ಕೆ. ಒಂದು ಪ್ಲೇಟು ಪುಳಿಯೋಗರೆ ಮುಗಿಯುವುದರೊಳಗೆ ಕೊಡುವ ಉತ್ತರ ಅದಾಗಿರಲಿಲ್ಲ.

ಅವರು ಕೇಳಿದ ದಾರಿ ನಿಜಕ್ಕೂ ಸೊಗಸಾದದ್ದು. ಶೀಳನೆರೆ ಹೋಬಳಿ ಕೆ.ಆರ್. ಪೇಟೆ ತಾಲ್ಲೂಕಿಗೆ ಸೇರಿದ್ದು, ಮೇಲುಕೋಟೆ ಬೆಟ್ಟಸಾಲಿನ ಪಶ್ಚಿಮದ ಮಗ್ಗುಲು. ತೆಂಗಿನ ತೋಟ, ರಾಗಿ ಹೊಲ, ಒಂದೆರಡು ಕೆರೆ ಏರಿಗಳನ್ನು ದಾಟಿ ರಾಯಸಮುದ್ರದ ಕಡೆ ಬಂದರೆ ನಾರಾಯಣದುರ್ಗದ ಬಂಡೆ ಎದುರಿಗೆ ಎದ್ದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಕುರುಚಲು ಕಾಡು, ಏರು. ಬೆಳಗ್ಗೆ ಹೊತ್ತು ಒಂದು ಹಾಲಿನ ಟೆಂಪೊ, ಒಂದೆರಡು ಬೈಕು, ಕುರಿಮಂದೆ, ನವಿಲು. ಇಷ್ಟು ಸಿಕ್ಕರೆ ಅವತ್ತು ಜನಸಂದಣಿ ಜಾಸ್ತಿ ಎಂದು ಲೆಕ್ಕ. ದೊಡ್ಡ ವಾಹನಗಳೆಲ್ಲ ಬೆಟ್ಟದ ಆ ಕಡೆ, ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ, ನಾಗಮಂಗಲ ಎಂದು ಸಾಗುವ ಹೆದ್ದಾರಿಯಲ್ಲಿ ಹೋಗುತ್ತವೆ.

ನನ್ನ ಪಿಎಚ್.ಡಿ. ಈ ಸೀಮೆಯ ದಾರಿಗಳ ಮೇಲೆ, ದಾರಿಯ ಸುಂಕಗಳ ಮೇಲೆ. ಹಾಗಾಗಿ ವರ್ಷಗಟ್ಟಲೆ ಎಪಿಗ್ರಾಫಿಯಾ ಕರ್ನಾಟಿಕದ ಆರು ಮತ್ತು ಏಳನೇ ಸಂಪುಟಗಳನ್ನು ತಿರುವಿ ಹಾಕಿದ್ದೇನೆ. ನಮ್ಮ ನಾಲ್ಕು ತಾಲ್ಲೂಕುಗಳ ಶಾಸನಗಳು ಇರುವುದು ಆ ಎರಡರಲ್ಲಿ. ಶಾಸನಗಳಲ್ಲಿ ದಾರಿಯ ಬಗ್ಗೆ ಯಾರೂ ಹೇಳಬೇಕೆಂದು ಹೇಳಿರುವುದಿಲ್ಲ. ದತ್ತಿ ಬಿಟ್ಟ ಭೂಮಿಯ ಎಲ್ಲೆ ಹೇಳುವಾಗ ಇಲ್ಲಿಗೆ ಹುಣಿಸೆಮರ, ಇಲ್ಲಿಗೆ ಹಳ್ಳ, ಇಲ್ಲಿಗೆ ‘ಹೆಬ್ಬಟ್ಟೆ’ ಎಂದು ನಡುವೆ ದಾರಿ ಬಂದುಹೋಗುತ್ತದೆ. ಬಟ್ಟೆ ಎಂದರೆ ಹಳಗನ್ನಡದಲ್ಲಿ ದಾರಿ. ಮೊದಮೊದಲು ಅವ್ವನಿಗೆ ನಾನು ಹೆಬ್ಬಟ್ಟೆ ಹುಡುಕುತ್ತಿದ್ದೇನೆ ಎಂದಾಗ, ಜವಳಿ ಅಂಗಡಿಯ ಮೇಲೆ ಓದುತ್ತಿದ್ದೇನೆ ಎಂದುಕೊಂಡಿದ್ದಳು. ಆ ದಾರಿಗಳ ಮೇಲೆ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದೆಲ್ಲ ಸುಂಕಗಳಿದ್ದವು. ಎತ್ತಿನ ಹೇರು, ಕತ್ತೆ ಹೇರು, ತಲೆಹೊರೆ ಎಂದು ಲೆಕ್ಕ. ಯಾರೂ ಓಡಾಡದ ಕಡೆ ಯಾರೂ ಸುಂಕದ ಕಟ್ಟೆ ಇಟ್ಟು ಕೂರುವುದಿಲ್ಲ.

ಆದರೆ ಈ ಬೆಟ್ಟದ ಗದ್ದಲ ಕಿವಿಗೆ ಬೀಳುವಷ್ಟು ದಾಖಲಾಗಿರುವುದು ಯುದ್ಧಗಳ ಕಾಲದಲ್ಲಿ.

1771ರ ಮಾರ್ಚ್. ತ್ರ್ಯಂಬಕರಾವ್ ಮುಂದಾಳುತನದ ಮರಾಠ ಸೈನ್ಯ ಹೈದರ್ ಅಲಿಯನ್ನು ಮೇಲುಕೋಟೆಯ ಬೆಟ್ಟಗಳಲ್ಲಿ ಕಟ್ಟಿಹಾಕಿತ್ತು. ಹೈದರ್ ರಾತ್ರಿ ಹೊತ್ತು ಸೈನ್ಯವನ್ನು ಇಳಿಸಿಕೊಂಡು ಶ್ರೀರಂಗಪಟ್ಟಣ ಸೇರಿಕೊಳ್ಳಲು ಹೊರಟ. ಬೆಳಗಾಗುವ ಹೊತ್ತಿಗೆ ಮರಾಠರು ಬೆನ್ನು ಹತ್ತಿದ್ದರು. ಚಿನಕುರಳಿಯ ಬಳಿ ಆ ಸೈನ್ಯ ಚೆಲ್ಲಾಪಿಲ್ಲಿಯಾಯಿತು. ಈಗ ಪಾಂಡವಪುರದಿಂದ ಕೆ.ಆರ್. ಪೇಟೆಗೆ ಬಸ್ಸಿನಲ್ಲಿ ಹೋಗುವವರು ಚಿನಕುರಳಿಯಲ್ಲಿ ಟೀ ಕುಡಿದು ಮುಂದೆ ಹೋಗುತ್ತಾರೆ. ಸೈಕಲ್ಲಿನಲ್ಲಿ ಹೋದರೆ ಮಾತ್ರ ಒಂದು ಸಂಗತಿ ಮೈಗೆ ತಿಳಿಯುತ್ತದೆ. ಬೆಟ್ಟದಿಂದ ಇಳಿದ ಮೇಲೆ ನೆಲ ಬಯಲು ಬಯಲಾಗಿ ಹರಡಿಕೊಳ್ಳುತ್ತದೆ. ಓಡುವವನಿಗೆ ಮರೆಯಾಗಲು ಏನೂ ಇಲ್ಲ, ಅಟ್ಟಿಸಿಕೊಂಡು ಬರುವ ಕುದುರೆಗೆ ಅಡ್ಡಿ ಏನೂ ಇಲ್ಲ.

ಇಪ್ಪತ್ತು ವರ್ಷದ ನಂತರ, 1791ರ ಮೇ ತಿಂಗಳಲ್ಲಿ, ಇದೇ ನೆಲದಲ್ಲಿ ಇನ್ನೊಂದು ಸೈನ್ಯ ಹಿಂದಕ್ಕೆ ಸರಿಯಿತು. ಶ್ರೀರಂಗಪಟ್ಟಣ ಗೆಲ್ಲಲು ಬಂದ ಕಾರ್ನ್‌ವಾಲಿಸ್ ಅರಕೆರೆಯ ಹತ್ತಿರ ಟಿಪ್ಪುವಿನ ಜೊತೆ ಕಾದಾಡಿ, ನದಿಯ ಗುಂಟ ಕನ್ನಂಬಾಡಿಗೆ ಬಂದ. ಅಷ್ಟರಲ್ಲಿ ಮುಂಗಾರು ಶುರುವಾಗಿತ್ತು. ತಿನ್ನಲು ಧಾನ್ಯವಿಲ್ಲ, ಎತ್ತುಗಳು ಸಾಲುಸಾಲಾಗಿ ಸತ್ತವು, ಎಳೆಯಲು ಎತ್ತಿಲ್ಲದ ದೊಡ್ಡ ಫಿರಂಗಿಗಳನ್ನು ಅವರೇ ಒಡೆದುಹಾಕಿದರು. ಅಲ್ಲಿಂದ ಮೇಲುಕೋಟೆಯ ದಿಕ್ಕಿಗೆ ಹೊರಟ ದಿನ ದೂರದಲ್ಲಿ ಕುದುರೆ ದಂಡು ಕಂಡಿತು. ಟಿಪ್ಪುವಿನ ದಂಡೇ ಬಂತೆಂದು ಭಾವಿಸಿದರು. ಹತ್ತಿರವಾದಾಗ ಅದು ತಮ್ಮದೇ ಕಡೆಯ ಮರಾಠ ಸೈನ್ಯ, ಪರಶುರಾಮ ಭಾವು ಮತ್ತು ಹರಿಪಂತರದು. ಇಷ್ಟು ಹತ್ತಿರ ಬರುವವರೆಗೂ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಇರಲಿಲ್ಲ. ನಡುವಿನ ದಾರಿಗಳಲ್ಲಿ ಹರಕಾರರನ್ನು ಟಿಪ್ಪುವಿನ ಸವಾರರು ತಡೆದು ಹಿಡಿದಿದ್ದರು.

ಮರಾಠರ ಜೊತೆ ಅವರ ಬಜಾರೂ ಬಂದಿತ್ತು. ಹಸಿದ ಇಂಗ್ಲಿಷ್ ಸೈನ್ಯ ಅಲ್ಲಿ ಬಾಯಿಗೆ ಬಂದ ಬೆಲೆ ಕೊಟ್ಟು ಧಾನ್ಯ ಕೊಂಡಿತು. ಆ ಬಜಾರಿನಲ್ಲಿ ಏನೇನು ಮಾರಾಟಕ್ಕಿತ್ತು ಎಂದು ಕರ್ನಲ್ ವಿಲ್ಕ್ಸ್ ತನ್ನ ಚರಿತ್ರೆಯಲ್ಲಿ ದೊಡ್ಡ ಪಟ್ಟಿಯನ್ನೇ ಕೊಡುತ್ತಾನೆ. ಕಾಶ್ಮೀರದ ಶಾಲು, ಬರ್ಮಿಂಗ್‌ಹ್ಯಾಮಿನ ಚಾಕು, ವಜ್ರ; ಅವುಗಳ ನಡುವೆ ಲೂಟಿಯಾದ ಹಳ್ಳಿಯ ಬಡ ಹುಡುಗಿಯೊಬ್ಬಳ ಬೆಳ್ಳಿಯ ಕಿವಿಯೋಲೆ. ಮೈಸೂರಿನ ಗ್ರಂಥಾಲಯದಲ್ಲಿ ಮೊದಲ ಸಲ ಅದನ್ನು ಓದಿದಾಗ ಮುಂದಿನ ಪುಟ ತಿರುವಲು ಆಗಲಿಲ್ಲ. ಕುದುರೆಗಳ, ಫಿರಂಗಿಗಳ ಲೆಕ್ಕವೆಲ್ಲ ಎಲ್ಲೆಲ್ಲೋ ಸಿಗುತ್ತದೆ. ಓಲೆ ಕಿತ್ತುಕೊಂಡ ಊರು ಯಾವುದು, ಆ ಹುಡುಗಿ ಏನಾದಳು ಎಂಬುದು ವಿಲ್ಕ್ಸ್‌ಗೆ ಬೇಕಿರಲಿಲ್ಲ. ಅವನಿಗೆ ಅದು ಪಟ್ಟಿಯ ಒಂದು ಸಾಮಾನು. ದಾರಿಯ ಚರಿತ್ರೆ ಬರೆಯುವವರು ದಾರಿಯಲ್ಲಿ ಹೋದವರನ್ನು ಬರೆಯುತ್ತಾರೆ, ದಾರಿ ಬದಿಯ ಊರಿನವರು ಮನೆ ಬಿಟ್ಟು ಕಾಡು ಸೇರಿದ್ದನ್ನು ಬರೆಯುವುದಿಲ್ಲ. ನನ್ನ ಪ್ರಬಂಧದ ಮೂರನೇ ಅಧ್ಯಾಯ ಎರಡು ವರ್ಷದಿಂದ ಮುಗಿಯದೆ ಕೂತಿರುವುದು ಇಲ್ಲೇ.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ತೊಣ್ಣೂರು, ಮೇಲುಕೋಟೆ, ನಾಗಮಂಗಲಗಳನ್ನು ಹಾದುಹೋದ. ತೊಣ್ಣೂರು ಕೆರೆಯ ಒಡ್ಡನ್ನು, ಶತ್ರುಸೈನ್ಯಕ್ಕೆ ನೀರು ಸಿಗಬಾರದೆಂದು ಟಿಪ್ಪುವೇ ಒಡೆಸಿದ್ದನೆಂದು ಗೆಜೆಟಿಯರ್ ಹೇಳುತ್ತದೆ. ಅಂದರೆ ಇಂದು ಸೈಕಲ್ಲಿನವರು ನಿಂತು ಫೋಟೊ ತೆಗೆಯುವ ಆ ನೀಲಿ ನೀರೂ ಒಮ್ಮೆ ಖಾಲಿಯಾಗಿ ಮತ್ತೆ ತುಂಬಿದ್ದು.

ಶಾಂತಿ ಬಂದದ್ದು ಆಮೇಲೆ, ಅದೂ ಸ್ವಲ್ಪ ಸ್ವಲ್ಪವಾಗಿ. 1882ರಲ್ಲಿ ಬೆಂಗಳೂರು–ಮೈಸೂರು ರೈಲು ಪೂರ್ತಿಯಾಯಿತು. ಆಗ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಪಾಂಡವಪುರದಲ್ಲಿ ನಿಲ್ದಾಣವಾಯಿತು. ಚೆಲುವನಾರಾಯಣನ ಯಾತ್ರಿಕರು ಅಲ್ಲಿಳಿದು ಗಾಡಿ ಕಟ್ಟಿಸಿಕೊಂಡು ಬೆಟ್ಟ ಹತ್ತತೊಡಗಿದರು. ಪೂರ್ವದ ದಾರಿ ದೊಡ್ಡದಾಯಿತು, ಪಶ್ಚಿಮದ್ದು ನಮ್ಮಂಥವರದಾಯಿತು. ಇವತ್ತಿಗೂ ವೈರಮುಡಿ ಉತ್ಸವದ ದಿನ ಮಂಡ್ಯದ ಖಜಾನೆಯಿಂದ ಹೊರಡುವ ಕಿರೀಟ ಶ್ರೀರಂಗಪಟ್ಟಣ, ಪಾಂಡವಪುರದ ಮೇಲೆ ಪೊಲೀಸ್ ಕಾವಲಿನಲ್ಲಿ, ಊರೂರಲ್ಲಿ ಪೂಜೆ ಮಾಡಿಸಿಕೊಂಡು ಬರುತ್ತದೆ. ನಮ್ಮ ಕಡೆಯಿಂದ ಕಿರೀಟ ಬರುವುದಿಲ್ಲ, ಕಿರೀಟ ನೋಡುವ ಜನ ಬರುತ್ತಾರೆ. 1911ರಲ್ಲಿ ಶುರುವಾದ ಕಟ್ಟೆಯ ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿತು. ಕಾರ್ನ್‌ವಾಲಿಸ್‌ನ ಎತ್ತುಗಳು ಸತ್ತ ದಾರಿಯ ಒಂದು ತುದಿ ನೀರಿನಡಿ ಸೇರಿತು. ಕೊನೆಗೆ 1974ರಲ್ಲಿ ಮೇಲುಕೋಟೆ, ನಾರಾಯಣದುರ್ಗದ ಕಾಡುಗಳು ತೋಳಗಳ ಸಲುವಾಗಿ ವನ್ಯಜೀವಿಧಾಮವಾದವು. ಹತ್ತಿರ ಹತ್ತಿರ ಐವತ್ತು ಚದರ ಕಿಲೋಮೀಟರ್. ಅಲ್ಲಿಯವರೆಗೆ ಈ ದಾರಿಯಲ್ಲಿ ದಿನಾ ಓಡಾಡುತ್ತಿದ್ದವರು ಸೌದೆ ಹೊರೆಯ ಹೆಂಗಸರು, ದನ ಮೇಯಿಸುವವರು. ನಮ್ಮಜ್ಜಿ ಅವರಲ್ಲೊಬ್ಬಳು. ಗಾರ್ಡು ಕಂಡರೆ ಹೊರೆ ಎಸೆದು ಓಡುತ್ತಿದ್ದ ಕಥೆಯನ್ನು ನಗುತ್ತ ಹೇಳುತ್ತಿದ್ದಳು. ತೋಳಕ್ಕೆ ಕಾಡು ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಜ್ಜಿಯ ಸೌದೆಗೆ ಬದಲಿ ಏನೆಂದು ಆಗ ಯಾರೂ ಕೇಳಲಿಲ್ಲ ಎಂಬುದರಲ್ಲೂ ಇಲ್ಲ.

ಸೈಕಲ್ಲು ಈ ದಾರಿಗೆ ಬಂದದ್ದು ಶೋಕಿಗಲ್ಲ. ಅಪ್ಪ ಮದುವೆಗೆ ಮುಂಚೆ ಬಾಳೆ ಎಲೆ ಕಟ್ಟುಗಳನ್ನು ಕ್ಯಾರಿಯರಿಗೆ ಬಿಗಿದು ಮೇಲುಕೋಟೆಯ ಛತ್ರಗಳಿಗೆ ಹಾಕಿ ಬರುತ್ತಿದ್ದರು. ಏರಿನಲ್ಲಿ ತಳ್ಳುವುದು, ಇಳಿಜಾರಿನಲ್ಲಿ ಚಪ್ಪಲಿ ಊರಿ ನಿಲ್ಲಿಸುವುದು. ಆಗ ಸೈಕಲ್ಲಿಗೂ ತೆರಿಗೆ ಕಟ್ಟಿ ತಗಡಿನ ಬಿಲ್ಲೆ ಹಾಕಿಸಿಕೊಳ್ಳಬೇಕಿತ್ತು. ಅಪ್ಪನ ಬಿಲ್ಲೆಯೊಂದು ನನ್ನ ಮೇಜಿನ ಮೇಲಿದೆ. ನೋಡಿದಾಗಲೆಲ್ಲ, ಎತ್ತಿನ ಹೇರಿನ ಸುಂಕದ ಕೊನೆಯ ಮರಿಮಗು ಇದೇ ಇರಬೇಕು ಎನಿಸುತ್ತದೆ.

ನನ್ನ ಸೈಕಲ್ಲು ಸರ್ಕಾರದ್ದು. 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ಆ ಬಜೆಟ್ ಮಂಡಿಸಿದ ಯಡಿಯೂರಪ್ಪ ನಮ್ಮದೇ ತಾಲ್ಲೂಕಿನ ಬೂಕನಕೆರೆಯಲ್ಲಿ ಹುಟ್ಟಿದವರು. ನನಗೆ ಸಿಕ್ಕ ದಿನ ಅದರ ಪ್ಲಾಸ್ಟಿಕ್ ಹೊದಿಕೆ ಕಿತ್ತುಹಾಕಲು ಮನಸ್ಸಾಗದೆ ಹಾಗೇ ತುಳಿದೆ. ಆದರೆ ಅವ್ವನ ಷರತ್ತು ಒಂದಿತ್ತು: ತೋಟದ ದಾರಿಯಲ್ಲಿ ಒಬ್ಬಳೇ ಬರುವ ಹಾಗಿಲ್ಲ. ಐದು ಜನ ಹುಡುಗಿಯರು ಸೇರಿದ ಮೇಲೇ ಹೊರಡಬೇಕು. ಒಬ್ಬಳ ಚೈನು ಕಳಚಿದರೆ ಐವರೂ ನಿಲ್ಲಬೇಕು. ಭಾನುವಾರದ ಸವಾರರಿಗೆ ಖುಷಿ ಕೊಡುವ ನಿರ್ಜನ ರಸ್ತೆಗೆ ನಮ್ಮವ್ವ ಇಟ್ಟ ಹೆಸರು ‘ಗವ್ವನ್ನೋ ದಾರಿ’. ಈಗಲೂ ಒಬ್ಬಳೇ ಬೆಟ್ಟದ ಕಡೆ ಹೊರಟರೆ ಏರಿನಲ್ಲಿ ಏದುಸಿರು ಬಿಡುವಾಗಲೂ ಹಿಂದೆ ಬರುವ ಬೈಕಿನ ಸದ್ದಿಗೆ ನನ್ನ ಬೆನ್ನು ಕಿವಿಯಾಗಿರುತ್ತದೆ. ಆ ಸದ್ದು ಮುಂದೆ ದಾಟಿ ಹೋದ ಮೇಲೇ ನವಿಲು ಕಾಣುವುದು.

ರಸ್ತೆ ಅಗಲವಾಗಲಿ, ಬಸ್ಸು ಹೆಚ್ಚಾಗಲಿ ಎನ್ನುವುದು ಊರಿನವರ ಆಸೆ. ಕಾಡಿನೊಳಗಿನ ರಸ್ತೆ ಅಗಲವಾದರೆ ರಾತ್ರಿ ಅಡ್ಡ ದಾಟುವ ಪ್ರಾಣಿ ಉಳಿಯುವುದಿಲ್ಲ ಎಂದು ನಾನು ಹೇಳಿದ್ದಕ್ಕೆ ಅವ್ವ ಸೌಟು ಹಿಡಿದೇ ತಿರುಗಿದಳು. ‘ನಿನ್ ಸೈಕಲ್ಲಿಗೆ ರೋಡು ಖಾಲಿ ಇರ್ಲಿ ಅಂತ ನಾವು ಬಸ್ಸಿಗೆ ಕಾಯ್ಕೊಂಡು ಕೂತಿರ್ಬೇಕೇನವ್ವ? ಟಿಕೆಟ್ಟು ಬ್ಯಾಡ ಅಂದ್ರು, ಸರಿ. ಬಸ್ ಬ್ಯಾಡ್ವಾ?’ 2023ರ ಶಕ್ತಿ ಯೋಜನೆಯ ಬಗ್ಗೆ ಇದಕ್ಕಿಂತ ಚಿಕ್ಕ ವಿಮರ್ಶೆಯನ್ನು ನಾನು ಓದಿಲ್ಲ. ಇಂಗ್ಲೆಂಡಿನಲ್ಲಿ 1886ರಲ್ಲಿ ಸೈಕಲ್ ಸಂಘಗಳೇ ಸೇರಿ ಒಳ್ಳೆಯ ರಸ್ತೆಗಾಗಿ ಒಂದು ಸಂಸ್ಥೆ ಕಟ್ಟಿದವು, ರಸ್ತೆ ಒಳ್ಳೆಯದಾದ ಮೇಲೆ ಅದರ ಮೇಲೆ ಕಾರುಗಳು ಬಂದವು ಎಂದು ಅವಳಿಗೆ ಹೇಳಬೇಕೆಂದಿದ್ದೆ. ಹೇಳಲಿಲ್ಲ. ವಾದ ಸರಿಯಾಗಿದ್ದರೂ ಬಸ್ಸು ಬಾರದ ಊರಿನಲ್ಲಿ ಅದನ್ನು ಹೇಳಲು ಬಾಯಿ ಬರುವುದಿಲ್ಲ. ನನಗೆ ತೋರುವುದು ಇಷ್ಟು: ಇರುವ ಅಗಲದಲ್ಲೇ ಹೊತ್ತಿಗೆ ಸರಿಯಾಗಿ ನಾಲ್ಕು ಬಸ್ಸು ಬರಲಿ, ಕತ್ತಲಾದ ಮೇಲೆ ಕಾಡಿನ ಭಾಗ ತೋಳಕ್ಕಿರಲಿ. ಅವ್ವ ಇದಕ್ಕೂ ಪೂರ್ತಿ ಒಪ್ಪಿಲ್ಲ. ರಾತ್ರಿ ಹೆರಿಗೆ ನೋವು ಬಂದರೆ ಯಾವ ದಾರಿ ಎಂದು ಕೇಳಿದಳು. ಅದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ಆ ಭಾನುವಾರ ಮೇಲುಕೋಟೆಯಿಂದ ವಾಪಸು ಇಳಿಯುವಾಗ ರಸ್ತೆಯ ಅರ್ಧಕ್ಕೆ ಹುರುಳಿ ಹರಡಿತ್ತು. ಸುಗ್ಗಿಯಲ್ಲಿ ನಮ್ಮ ಕಡೆ ಟಾರು ರಸ್ತೆಯೇ ಕಣ. ಗಾಡಿಗಳ ಚಕ್ರವೇ ಒಕ್ಕಣೆಯ ಗುಂಡು. ಬದಿಯಲ್ಲಿ ಮೊರ ಹಿಡಿದು ಕೂತಿದ್ದ ಅಜ್ಜಿಗೆ ತೊಂದರೆಯಾಗಬಾರದೆಂದು ಬ್ರೇಕು ಹಿಡಿದು ಪಕ್ಕದ ಮಣ್ಣಿಗಿಳಿದೆ.

‘ಮ್ಯಾಲೇ ಹೋಗವ್ವ’ ಎಂದಳು. ಹೋದೆ. ಹಿಂದಿರುಗಿ ನೋಡಿದರೆ ಹುರುಳಿ ಕಾಯಿ ಹಾಗೇ ಇದ್ದವು.

‘ಸೈಕಲ್ಲಿಗೆ ಏನ್ ಉದುರ್ತದೆ’ ಎಂದು ನಕ್ಕಳು. ‘ಬೆಳಗ್ಗಿಂದ ಕೂತಿವ್ನಿ. ಅತ್ಲಾಗಿ ಬಸ್ಸೇನಾದ್ರೂ ಬತ್ತಾ ಇತ್ತಾ?’